ಗಾಜಿನ ತೊಟ್ಟಿಗೆ ಎಷ್ಟು ವ್ಯಾಟಿನ ದೀಪ?



ಸಣ್ಣದೊಂದು ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನೂ ನೀರುಗಿಡಗಳನ್ನೂ ಸಾಕಬೇಕೆಂದು ಹೊರಟವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, “ಇದಕ್ಕೆ ಎಷ್ಟು ವ್ಯಾಟಿನ ದೀಪವನ್ನು ಹಾಕಬೇಕು?” ಎಂಬುದು. ಪ್ರಶ್ನೆ ಅಲ್ಪವಾಗಿ ಕಾಣುತ್ತದೆ. ಅಂಗಡಿಯವರು ಯಾವುದೋ ಒಂದು ಸಂಖ್ಯೆಯನ್ನು ಹೇಳಿ ಕಳುಹಿಸಿಕೊಡುವುದೂ ಉಂಟು. ಆದರೆ ಆ ಸಂಖ್ಯೆಯನ್ನು ನಂಬಿ ಕೆಲವು ಜೀವಗಳು ನಿಂತಿರುತ್ತವೆ. ಬೆಳಕು ಹೆಚ್ಚಾದರೆ ನೀರು ಪಾಚಿಗಟ್ಟುತ್ತದೆ. ದೀಪದ ಕಾವು ಹೆಚ್ಚಾದರೆ ನೀರು ಬಿಸಿಯೇರುತ್ತದೆ. ಬೆಳಕು ಸಾಲದೆಹೋದರೆ ಗಿಡಗಳು ಕೊಳೆತು ನೀರನ್ನು ಕೆಡಿಸುತ್ತವೆ. ಈ ಮೂರರಲ್ಲಿ ಯಾವುದಾದರೂ ಕೊನೆಗೆ ದಂಡ ತೆರುವುದು ಮೀನೇ. ಆದಕಾರಣ ಈ ಪ್ರಶ್ನೆಯನ್ನು ಸ್ವಲ್ಪ ಸಾವಧಾನವಾಗಿ ವಿಚಾರಿಸೋಣ.

ಮಾತು ಗಾಳಿಯಲ್ಲಿ ತೇಲಿಹೋಗದಂತೆ ಒಂದು ನಿದರ್ಶನವನ್ನು ಇಟ್ಟುಕೊಳ್ಳುವುದು ಮೇಲು. ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು ನೀವು ಬಲ್ಲಿರಿ. ಮಹಾಭಾರತದ ಏಕಚಕ್ರಪುರವೇ ಇದು ಎಂದು ಅಲ್ಲಿಯ ಸ್ಥಳಪುರಾಣ ಹೇಳುತ್ತದೆ. ಬಳೆಯ ವ್ಯಾಪಾರದಲ್ಲಿದ್ದು ಅನಂತರ ಯೋಗಿಗಳಾದ ಕೈವಾರದ ತಾತಯ್ಯನವರ ಊರೂ ಇದೇ. ಇಂತಹ ಊರಿನ ಪಾಠಶಾಲೆಯೊಂದರಲ್ಲಿ ಹುಡುಗರಿಗೆ ಜೀವಶಾಸ್ತ್ರವನ್ನು ಕಣ್ಣಿಗೆ ಕಾಣುವಂತೆ ಕಲಿಸಬೇಕೆಂದು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯೊಂದನ್ನು ಮಾಡಿಸಿದರೆಂದು ಭಾವಿಸೋಣ. ಅಂಚಿನವರೆಗೂ ತುಂಬಿದರೆ ಇದರಲ್ಲಿ ಸುಮಾರು ೫೭ ಲೀಟರು ನೀರು ಹಿಡಿಯುತ್ತದೆ. ತಳದ ಮರಳು, ಕಲ್ಲು, ಮೇಲೆ ಬಿಡುವ ತೆರಪು ಇವನ್ನು ಕಳೆದರೆ ಉಳಿಯುವುದು ೪೫ ಲೀಟರು. ಹಿಂದಿನ ಕಾಲದ ಸೀಮೆಎಣ್ಣೆ ಡಬ್ಬದ ಲೆಕ್ಕದಲ್ಲಿ ಎರಡೂವರೆ ಡಬ್ಬ.

ಇದರಲ್ಲಿ ಯಾವ ಮೀನನ್ನು ಬಿಡುವುದು? ಗಪ್ಪಿ ಎಂಬ ಪುಟ್ಟ ಮೀನು ಈ ಸೀಮೆಗೆ ಹೊಸದಲ್ಲ. ಕೈವಾರವು ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದಿತು. ಆ ಜಿಲ್ಲೆಯ ಹಳ್ಳಿಗಳಲ್ಲಿ ೧೯೯೦ರ ದಶಕದಲ್ಲಿ ಮಲೇರಿಯಾ ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಗಪ್ಪಿಯನ್ನು ಬಾವಿಗಳಲ್ಲಿ ಬಿಟ್ಟರು. ರೇಷ್ಮೆ ಸಾಕುವ ಊರುಗಳಲ್ಲಿ ಕೀಟನಾಶಕವನ್ನು ಸಿಂಪಡಿಸಿದರೆ ಸೊಳ್ಳೆಯೊಡನೆ ರೇಷ್ಮೆಹುಳುವೂ ಸಾಯುವ ಭಯವಿದ್ದುದರಿಂದ ಮೀನೇ ಅಲ್ಲಿ ತಕ್ಕ ಉಪಾಯವಾಯಿತು. ಹೀಗೆ ಊರಿನ ಆರೋಗ್ಯಕ್ಕೆ ದುಡಿದ ಈ ಪ್ರಾಣಿಯನ್ನೇ ನಮ್ಮ ತೊಟ್ಟಿಗೂ ಆರಿಸಿಕೊಳ್ಳೋಣ. ಜೊತೆಗೆ ನಮ್ಮ ಕೆರೆಗಳಲ್ಲಿ ಬೆಳೆಯುವ ಹೈಡ್ರಿಲ್ಲ, ವ್ಯಾಲಿಸ್ನೇರಿಯ ಮೊದಲಾದ ನೀರುಗಿಡಗಳಿರಲಿ.

ಈಗ ದೀಪದ ಮಾತು. ವ್ಯಾಟ್ ಎಂದರೇನು? ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವ್ಯಾಟನ ಹೆಸರನ್ನು ೧೮೮೨ರಲ್ಲಿ ಈ ಮಾನಕ್ಕೆ ಇಟ್ಟರು. ಒಂದು ಉಪಕರಣವು ಪ್ರತಿ ಕ್ಷಣದಲ್ಲಿಯೂ ಎಷ್ಟು ಶಕ್ತಿಯನ್ನು ನುಂಗುತ್ತದೆ ಎಂಬುದರ ಅಳತೆ ಇದು. ನುಂಗಿದ್ದರಲ್ಲಿ ಬೆಳಕಾಗಿ ಹೊರಬರುವುದು ಎಷ್ಟು, ಬರಿಯ ಕಾವಾಗಿ ಹೋಗುವುದು ಎಷ್ಟು ಎಂಬುದನ್ನು ವ್ಯಾಟು ಹೇಳುವುದಿಲ್ಲ. ಹಸು ಎಷ್ಟು ಮೇವು ತಿಂದಿತೆಂದು ಕೇಳಿದ ಮಾತ್ರಕ್ಕೆ ಅದು ಎಷ್ಟು ಹಾಲು ಕರೆಯಿತೆಂದು ತಿಳಿದೀತೆ? ಮೇವಿನ ಲೆಕ್ಕ ಬೇರೆ, ಹಾಲಿನ ಲೆಕ್ಕ ಬೇರೆ. ಬೆಳಕಿನ ಹಾಲನ್ನು ಅಳೆಯುವ ಪಾವಿಗೆ ಲ್ಯೂಮೆನ್ ಎಂದು ಹೆಸರು.

ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೂ ಬಂದಿತು. ಅಲ್ಲಿಂದ ಮುಂದೆ ಬಹುಕಾಲ ನಮ್ಮ ಮನೆಗಳಲ್ಲಿ ಉರಿದದ್ದು ತಂತಿಯ ಬಲ್ಬು. ಎಲ್ಲ ದೀಪಗಳೂ ಒಂದೇ ಜಾತಿಯವಾಗಿದ್ದಾಗ ವ್ಯಾಟನ್ನೇ ಬೆಳಕಿನ ಅಳತೆಯೆಂದು ತಿಳಿದರೂ ಅಷ್ಟೇನೂ ಕೆಡುತ್ತಿರಲಿಲ್ಲ; ೬೦ ವ್ಯಾಟಿನ ಬಲ್ಬು ೪೦ರದಕ್ಕಿಂತ ಹೆಚ್ಚು ಬೆಳಗುತ್ತಿತ್ತು, ಅಷ್ಟೆ. ಈಗ ಹಾಗಿಲ್ಲ. ೪೦ ವ್ಯಾಟಿನ ತಂತಿಯ ಬಲ್ಬು ಕೊಡುವುದು ಸುಮಾರು ೪೦೦ ಲ್ಯೂಮೆನ್. ಎರಡಡಿ ಉದ್ದದ ಹಳೆಯ ೨೦ ವ್ಯಾಟಿನ ಕೊಳವೆದೀಪ ಕೊಡುವುದು ಸುಮಾರು ೧೦೦೦ ಲ್ಯೂಮೆನ್. ೨೦೧೫ರಲ್ಲಿ ಆರಂಭವಾದ ಉಜಾಲಾ ಯೋಜನೆಯ ಮೂಲಕ ಹಳ್ಳಿಹಳ್ಳಿಗೂ ಪರಿಚಿತವಾದ ಎಲ್.ಇ.ಡಿ. ದೀಪವು ೯ ವ್ಯಾಟನ್ನು ತಿಂದು ಸುಮಾರು ೯೦೦ ಲ್ಯೂಮೆನ್ನುಗಳನ್ನು ಕೊಡುತ್ತದೆ. ಒಂದು ವ್ಯಾಟಿಗೆ ಮೊದಲನೆಯದು ಹತ್ತು, ಎರಡನೆಯದು ಐವತ್ತು, ಮೂರನೆಯದು ನೂರು. ಹೀಗಿರುವಾಗ, ದೀಪದ ಜಾತಿಯನ್ನು ಹೇಳದೆ ವ್ಯಾಟನ್ನು ಮಾತ್ರ ಹೇಳಿದ ಸಲಹೆಗೆ ಅರ್ಥವೇ ಇಲ್ಲವೆಂಬುದು ಸ್ಪಷ್ಟವಷ್ಟೆ.

ಮೀನು ಸಾಕುವವರಲ್ಲಿ ಒಂದು ಹಳೆಯ ಸೂತ್ರವುಂಟು: ಗ್ಯಾಲನ್ ನೀರಿಗೆ ಒಂದರಿಂದ ಎರಡು ವ್ಯಾಟು. ಸೂತ್ರ ಸುಳ್ಳಲ್ಲ, ಆದರೆ ಅದು ಹುಟ್ಟಿದ್ದು ಹಳೆಯ ಕೊಳವೆದೀಪಗಳ ಕಾಲದಲ್ಲಿ. ಅದರಲ್ಲಿ ಹೇಳುವ ಗ್ಯಾಲನ್ ಸಹ ೩.೮ ಲೀಟರಿನ ಅಮೆರಿಕದ ಗ್ಯಾಲನ್; ನಮ್ಮ ಹಿರಿಯರು ಅಳೆಯುತ್ತಿದ್ದ ೪.೫ ಲೀಟರಿನದಲ್ಲ. ಆ ಸೂತ್ರದ ಮೇಲ್ಮಿತಿಯಂತೆ ನಮ್ಮ ತೊಟ್ಟಿಗೆ ೨೪ ವ್ಯಾಟು ಬರುತ್ತದೆ. ಇದನ್ನೇ ನಂಬಿ ೨೪ ವ್ಯಾಟಿನ ಎಲ್.ಇ.ಡಿ.ಯನ್ನು ತಂದಿಟ್ಟರೆ ಸೂತ್ರಕಾರನು ಬಯಸಿದ್ದಕ್ಕಿಂತ ಎರಡರಷ್ಟು ಬೆಳಕು ಬೀಳುತ್ತದೆ. ಅದೇ ೨೪ ವ್ಯಾಟನ್ನು ತಂತಿಯ ಬಲ್ಬಿನಿಂದ ಕೊಟ್ಟರೆ ಅದರ ಐದನೆಯ ಒಂದು ಭಾಗವೇ ಸಿಕ್ಕುತ್ತದೆ.

ತಂತಿಯ ಬಲ್ಬು ತಿಂದ ಮಿಕ್ಕ ಶಕ್ತಿ ಎಲ್ಲಿ ಹೋಯಿತು? ಕಾವಾಯಿತು. ಅದರೊಳಗಿನ ತಂತಿಯು ಸುಮಾರು ೨೪೦೦ ಡಿಗ್ರಿಗಳವರೆಗೆ ಕಾಯುತ್ತದೆ. ನುಂಗಿದ ಶಕ್ತಿಯಲ್ಲಿ ನೂರರಲ್ಲಿ ಹತ್ತು ಭಾಗಕ್ಕಿಂತಲೂ ಕಡಮೆ ಕಣ್ಣಿಗೆ ಕಾಣುವ ಬೆಳಕಾಗುತ್ತದೆ. ೪೦ ವ್ಯಾಟಿನ ಬಲ್ಬನ್ನು ನಮ್ಮ ತೊಟ್ಟಿಯ ಮುಚ್ಚಳದಲ್ಲಿಟ್ಟು, ಅದರ ಶಕ್ತಿಯೆಲ್ಲವೂ ನೀರನ್ನೇ ಸೇರಿತೆಂದು ಲೆಕ್ಕ ಹಾಕಿದರೆ, ೪೫ ಲೀಟರು ನೀರು ಗಂಟೆಗೆ ಮುಕ್ಕಾಲು ಡಿಗ್ರಿಯಂತೆ ಎಂಟು ಗಂಟೆಗಳಲ್ಲಿ ಆರು ಡಿಗ್ರಿ ಏರಬೇಕು. ವಾಸ್ತವದಲ್ಲಿ ಬಹುಪಾಲು ಕಾವು ಗಾಳಿಗೆ ಹೋಗುವುದರಿಂದ ಏರಿಕೆ ಇದಕ್ಕಿಂತ ಕಡಮೆಯೇ. ಆದರೂ ಬಿಸಿಲುಗಾಲದ ಮಧ್ಯಾಹ್ನದಲ್ಲಿ ಕೊಠಡಿಯೇ ಕಾದಿರುವಾಗ ಎರಡು ಮೂರು ಡಿಗ್ರಿಗಳ ಏರಿಕೆಯೂ ಅಲ್ಪವೆನ್ನುವಂತಿಲ್ಲ. ಹೇಗೆಂದರೆ, ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕುಗ್ಗುತ್ತದೆ. ಸಮುದ್ರಮಟ್ಟದಲ್ಲಿ ೨೦ ಡಿಗ್ರಿಯ ಒಂದು ಲೀಟರು ನೀರು ಸುಮಾರು ೯ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟರೆ, ೩೦ ಡಿಗ್ರಿಯ ನೀರು ಹಿಡಿಯುವುದು ಏಳೂವರೆ ಮಿಲಿಗ್ರಾಂ ಮಾತ್ರ. ನಮ್ಮದು ಎತ್ತರದ ಸೀಮೆಯಾದುದರಿಂದ ಇಲ್ಲಿ ಇನ್ನೂ ಸ್ವಲ್ಪ ಕಡಮೆ. ಇತ್ತ ಮೀನಿನ ಉಸಿರಾಟವಾದರೋ ಬಿಸಿಯಲ್ಲಿ ಹೆಚ್ಚುತ್ತದೆ. ಆದಾಯ ಇಳಿದು ಖರ್ಚು ಏರಿದ ಸಂಸಾರದಂತಾಗುತ್ತದೆ ಅದರ ಪಾಡು.

ಉಷ್ಣಮಾಪಕದ ಬೆಲೆಯನ್ನು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಎಳೆಯ ರೇಷ್ಮೆಹುಳುವಿಗೆ ೨೭, ೨೮ ಡಿಗ್ರಿ, ಬೆಳೆದ ಹುಳುವಿಗೆ ೨೪, ೨೫ ಡಿಗ್ರಿ ಎಂದು ನೋಡಿ ನೋಡಿ ಹುಳುಮನೆಯನ್ನು ಕಾಯುವ ಮಂದಿ ಚಿಂತಾಮಣಿ, ಶಿಡ್ಲಘಟ್ಟಗಳ ಸುತ್ತ ಎಷ್ಟೋ ಇದ್ದಾರೆ. ಅದೇ ಎಚ್ಚರವನ್ನು ತೊಟ್ಟಿಗೂ ತೋರಿದರೆ ಸಾಕು. ಗಪ್ಪಿಗೆ ೨೨ರಿಂದ ೨೮ ಡಿಗ್ರಿಯವರೆಗೆ ಹಿತ. ತಂತಿಯ ಬಲ್ಬಿನ ಬದಲು ೬ ವ್ಯಾಟಿನ ಎಲ್.ಇ.ಡಿ.ಯನ್ನು ಹಾಕಿದರೆ, ಅದರ ಕಾವೆಲ್ಲ ನೀರಿಗೇ ಸೇರಿದರೂ ಎಂಟು ಗಂಟೆಗಳಲ್ಲಿ ಒಂದು ಡಿಗ್ರಿಯೂ ಏರಲಾರದು. ಖರ್ಚಿನಲ್ಲಿಯೂ ಇದೇ ಮೇಲು. ೪೦ ವ್ಯಾಟಿನ ಬಲ್ಬು ದಿನಕ್ಕೆ ಎಂಟು ಗಂಟೆಯಂತೆ ಉರಿದರೆ ತಿಂಗಳಿಗೆ ಒಂಬತ್ತೂವರೆ ಯೂನಿಟ್ಟು. ೬ ವ್ಯಾಟಿನದು ಒಂದೂವರೆ ಯೂನಿಟ್ಟಿಗಿಂತಲೂ ಕಡಮೆ.

ಇನ್ನು ಬೆಳಕು ಎಷ್ಟು ಬೇಕೆಂಬುದನ್ನು ನೋಡೋಣ. ಇದಕ್ಕೆ ಉತ್ತರ ಕೊಡಬೇಕಾದುದು ಮೀನಲ್ಲ, ಗಿಡ. ಹಗಲು ಇರುಳೆಂಬ ಭೇದ ತಿಳಿಯುವಷ್ಟು ಬೆಳಕಿದ್ದರೆ ಮೀನಿಗೆ ಸಾಕು. ಗಿಡಕ್ಕೆ ಹಾಗಲ್ಲ, ಬೆಳಕೇ ಅದರ ಒಲೆಯ ಉರಿ. ಡಚ್ ವೈದ್ಯ ಇಂಗೆನ್‌ಹೌಸನು ೧೭೭೯ರಲ್ಲಿ ಎಲೆಗಳನ್ನು ನೀರಿನಲ್ಲಿ ಮುಳುಗಿಸಿಟ್ಟು ನೋಡಿದನು. ಬಿಸಿಲಿನಲ್ಲಿ ಅವುಗಳಿಂದ ಆಮ್ಲಜನಕದ ಗುಳ್ಳೆಗಳು ಏಳುತ್ತಿದ್ದವು, ಕತ್ತಲೆಯಲ್ಲಿ ನಿಂತುಹೋಗುತ್ತಿದ್ದವು. ಮುಂದೆ ೧೮೫೦ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತನು ಗಾಜಿನ ತೊಟ್ಟಿಯೊಂದರಲ್ಲಿ ಹೊಂಬಣ್ಣದ ಮೀನು, ವ್ಯಾಲಿಸ್ನೇರಿಯ, ಬಸವನಹುಳು ಇವನ್ನು ಒಟ್ಟಿಗೆ ಇಟ್ಟು, ಒಂದರ ವಿಸರ್ಜನೆ ಇನ್ನೊಂದಕ್ಕೆ ಆಹಾರವಾಗಿ ನೀರು ಕೆಡದೆ ಉಳಿಯುವುದನ್ನು ತೋರಿಸಿದನು. ನಮ್ಮ ಪಾಠಶಾಲೆಯ ತೊಟ್ಟಿಯೂ ಈ ಪ್ರಯೋಗದ ವಂಶದ್ದೇ.

ಅನುಭವದಿಂದ ದೊರೆತ ಲೆಕ್ಕ ಸುಮಾರಾಗಿ ಹೀಗಿದೆ. ಗಿಡವೇ ಇಲ್ಲದ ತೊಟ್ಟಿಗೆ, ಮೀನನ್ನು ನೋಡುವುದಷ್ಟೇ ಉದ್ದೇಶವಾದರೆ, ೩ರಿಂದ ೫ ವ್ಯಾಟಿನ ಎಲ್.ಇ.ಡಿ. ಸಾಕು. ಮೆಲ್ಲನೆ ಬೆಳೆಯುವ, ಅಲ್ಪತೃಪ್ತಿಯ ಗಿಡಗಳಿದ್ದರೆ ಲೀಟರಿಗೆ ೧೦ರಿಂದ ೨೦ ಲ್ಯೂಮೆನ್. ಎಂದರೆ ನಮ್ಮ ೪೫ ಲೀಟರಿಗೆ ೪೫೦ರಿಂದ ೯೦೦, ಅಥವಾ ೫ರಿಂದ ೯ ವ್ಯಾಟಿನ ಎಲ್.ಇ.ಡಿ. ವ್ಯಾಲಿಸ್ನೇರಿಯ, ಹೈಡ್ರಿಲ್ಲ, ಅಂಗಡಿಗಳಲ್ಲಿ ಸಿಕ್ಕುವ ಜಾವಾ ಫರ್ನ್, ಅನೂಬಿಯಾಸ್ ಇವು ಈ ಬೆಳಕಿನಲ್ಲಿ ಬಾಳುತ್ತವೆ. ಬೇಗ ಬೆಳೆಯುವ, ಬಣ್ಣದ ಎಲೆಯ ಗಿಡಗಳಿಗೆ ಇದರ ಎರಡರಷ್ಟು ಬೇಕು. ಆದರೆ ಅಂತಹ ತೊಟ್ಟಿಗೆ ಗೊಬ್ಬರವನ್ನೂ ಇಂಗಾಲಾಮ್ಲ ವಾಯುವನ್ನೂ ಹೊರಗಿನಿಂದ ಒದಗಿಸಬೇಕಾಗುತ್ತದೆ. ಪಾಠಶಾಲೆ ಆ ಗೊಡವೆಗೆ ಹೋಗದಿರುವುದೇ ಲೇಸು. ಆದ್ದರಿಂದ ನಮ್ಮ ನಿದರ್ಶನದ ತೊಟ್ಟಿಗೆ ೬ ವ್ಯಾಟಿನ ಎಲ್.ಇ.ಡಿ.ಯಿಂದ ತೊಡಗಬಹುದೆಂದು ಹೇಳುತ್ತೇನೆ. ದೀಪದ ಪೆಟ್ಟಿಗೆಯ ಮೇಲೆ ಲ್ಯೂಮೆನ್ ಸಂಖ್ಯೆ ಅಚ್ಚಾಗಿರುತ್ತದೆ. ಕೊಳ್ಳುವಾಗ ಅದನ್ನೇ ನೋಡಿ. ಬಣ್ಣಕ್ಕೆ ೬೫೦೦ ಕೆಲ್ವಿನ್ ಎಂದು ಬರೆದ, ಹಗಲಿನ ಬಿಳುಪನ್ನು ಹೋಲುವ ದೀಪ ಗಿಡಕ್ಕೂ ಕಣ್ಣಿಗೂ ಒಪ್ಪುತ್ತದೆ.

“ಒಂದಿಷ್ಟು ಹೆಚ್ಚೇ ಇರಲಿ, ಗಿಡ ಚೆನ್ನಾಗಿ ಬೆಳೆಯಲಿ” ಎಂದು ಕೆಲವರು ವಾದಿಸಬಹುದು. ಗಿಡದ ಬೆಳವಣಿಗೆಗೆ ಬೆಳಕೊಂದೇ ಸಾಲದು. ಇಂಗಾಲಾಮ್ಲ ವಾಯುವೂ ನೀರಿನಲ್ಲಿ ಕರಗಿದ ಲವಣಗಳೂ ಬೇಕು. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಮಾತ್ರ ಓಡಿದರೆ ಗಾಡಿ ಬೇಗ ಊರು ಸೇರುವುದಿಲ್ಲ, ಹಳ್ಳಕ್ಕೆ ಬೀಳುತ್ತದೆ. ಗಿಡ ಬಳಸಲಾರದೆ ಉಳಿದ ಬೆಳಕನ್ನು ಬಳಸಲು ತೊಟ್ಟಿಯಲ್ಲಿ ಇನ್ನೊಬ್ಬನು ಕಾದು ಕುಳಿತಿರುತ್ತಾನೆ. ಅವನೇ ಪಾಚಿ. ಏಕಚಕ್ರಪುರದವರು ದಿನಕ್ಕೊಂದು ಗಾಡಿ ಅನ್ನವನ್ನು ಬಕಾಸುರನಿಗೆ ಕಳುಹಿಸುತ್ತಿದ್ದರಂತೆ. ಭಯದಿಂದ ಕಳುಹಿಸಿದರು, ಪಾಪ. ನಾವಾದರೋ ಹೆಚ್ಚಿನ ವ್ಯಾಟಿನ ದೀಪವನ್ನು ಹಣ ಕೊಟ್ಟು ತಂದು, ಇಲ್ಲಿಯ ಬಕನಿಗೆ ಪ್ರೀತಿಯಿಂದಲೇ ಉಣಿಸುತ್ತೇವೆ. ಅವನು ಗಾಜನ್ನು ಮುಸುಕುತ್ತಾನೆ. ಗಿಡದ ಎಲೆಯ ಮೇಲೆ ಹಬ್ಬಿ ಅದಕ್ಕೆ ಸಲ್ಲುವ ಬೆಳಕನ್ನೂ ಕಸಿದುಕೊಳ್ಳುತ್ತಾನೆ.

ಪಾಚಿಯ ಕೇಡು ನೋಟಕ್ಕೆ ಮಾತ್ರ ಸೀಮಿತವಲ್ಲ. ಹಗಲು ಆಮ್ಲಜನಕವನ್ನು ಕೊಡುವ ಹಸುರೆಲ್ಲವೂ ರಾತ್ರಿಯಲ್ಲಿ ನಮ್ಮಂತೆಯೇ ಅದನ್ನು ಉಸಿರಾಡಿ ಕಳೆಯುತ್ತದೆ. ಹಸುರುಗಟ್ಟಿದ ಕುಂಟೆಗಳಲ್ಲಿ ನಸುಕಿನ ಹೊತ್ತಿಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುವುದನ್ನು ಹಳ್ಳಿಯವರು ನೋಡಿರುತ್ತೀರಿ. ರಾತ್ರಿಯೆಲ್ಲ ಖರ್ಚಾಗಿ ಆಮ್ಲಜನಕದ ಉಗ್ರಾಣ ಬರಿದಾಗಿರುವ ಹೊತ್ತು ಅದು. ಪಾಚಿ ತುಂಬಿದ ತೊಟ್ಟಿಯಲ್ಲಿ ಬೆಳಗಿನ ಜಾವ ಮೀನು ಸತ್ತಿದ್ದರೆ, ಕಾರಣವನ್ನು ಅನೇಕವೇಳೆ ಹಿಂದಿನ ವಾರಗಳ ಅತಿಬೆಳಕಿನಲ್ಲಿ ಹುಡುಕಬೇಕಾಗುತ್ತದೆ.

ವ್ಯಾಟಿನಷ್ಟೇ ಮುಖ್ಯವಾದುದು ಗಂಟೆಗಳ ಲೆಕ್ಕ. ಹೊಸ ತೊಟ್ಟಿಗೆ ಮೊದಲು ದಿನಕ್ಕೆ ಆರು ಗಂಟೆ ಬೆಳಕು ಕೊಡಿ. ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸುತ್ತ ಎಂಟು ಗಂಟೆಗೆ ತನ್ನಿ. ಹೊತ್ತಿಸುವ ಹೊತ್ತೂ ಆರಿಸುವ ಹೊತ್ತೂ ನಿಯತವಾಗಿರಲಿ. ತಾನಾಗಿಯೇ ಹೊತ್ತಿ ಆರುವ ಗಡಿಯಾರದ ಸ್ವಿಚ್ಚು ಈ ಕೆಲಸಕ್ಕೆ ಬಹಳ ಅನುಕೂಲ. ಹಗಲಿನಲ್ಲಿ ವಿದ್ಯುತ್ತು ಹೋಯಿತೆಂದು ಅದರ ಬಾಕಿಯನ್ನು ರಾತ್ರಿ ತೀರಿಸಲು ಹೋಗಬೇಡಿ. ಎರಡು ಮೂರು ಗಂಟೆಗಳ ಕೊರತೆಯಿಂದ ಗಿಡ ಸಾಯುವುದಿಲ್ಲ. ಮೀನಿಗೆ ರೆಪ್ಪೆಗಳಿಲ್ಲ, ಅದು ಕಣ್ಣು ಮುಚ್ಚಿಕೊಳ್ಳಲಾರದು. ಕತ್ತಲೆಯೇ ಅದಕ್ಕೆ ವಿಶ್ರಾಂತಿ.

ದೀಪವನ್ನು ಎಲ್ಲಿಡಬೇಕೆಂಬುದಕ್ಕೂ ಒಂದು ನಿಯಮವಿದೆ. ಚಿಕ್ಕ ದೀಪದಿಂದ ದೂರ ಎರಡರಷ್ಟಾದರೆ ಬೀಳುವ ಬೆಳಕು ನಾಲ್ಕರಲ್ಲಿ ಒಂದು ಭಾಗವಾಗುತ್ತದೆ. ಚಾವಣಿಗೆ ನೇತುಹಾಕಿದ ದೊಡ್ಡ ದೀಪ ಕೊಠಡಿಯನ್ನು ಬೆಳಗುತ್ತದೆಯೇ ಹೊರತು ತೊಟ್ಟಿಯನ್ನಲ್ಲ. ಮುಚ್ಚಳದ ಹತ್ತಿರ, ಒಳಮೈಗೆ ಬಿಳಿಯ ಬಣ್ಣ ಬಳಿದ ತಗಡಿನ ಕೆಳಗೆ, ತೊಟ್ಟಿಯ ಉದ್ದಕ್ಕೂ ಹರಡುವ ಪಟ್ಟಿದೀಪವಿದ್ದರೆ ಕಡಮೆ ವ್ಯಾಟಿನಲ್ಲಿಯೇ ಕೆಲಸ ಸಾಗುತ್ತದೆ. ನಮ್ಮ ಕಡೆಯ ಕೊಳವೆಬಾವಿಗಳ ನೀರು ಗಡಸಾದುದರಿಂದ ಮುಚ್ಚಳದ ಗಾಜಿನ ಮೇಲೆ ತುಂತುರು ಒಣಗಿ ಬಿಳಿಯ ಸುಣ್ಣದಂತಹ ಪೊರೆ ಕಟ್ಟುತ್ತದೆ. ಅದು ಬೆಳಕನ್ನು ತಿನ್ನುತ್ತದೆ. ಗಾಜನ್ನು ಹೊರಗೆ ತೆಗೆದು ನಿಂಬೆರಸದಿಂದ ಉಜ್ಜಿ, ಚೆನ್ನಾಗಿ ತೊಳೆದು ಇಟ್ಟರಾಯಿತು. ದೀಪ ಮಂಕಾಯಿತೆಂದು ಹೊಸದನ್ನು ಕೊಳ್ಳುವ ಮೊದಲು ಇದನ್ನು ನೋಡಬೇಕು. ಬೆಳಕು ಹೆಚ್ಚಾಗಿದೆಯೆಂದು ತೋರಿದರೂ ದೀಪವನ್ನು ಬದಲಾಯಿಸಬೇಕಾಗಿಲ್ಲ. ನಾಲ್ಕು ಬೆರಳು ಮೇಲಕ್ಕೆತ್ತಿ, ಇಲ್ಲವೆ ಒಂದು ಗಂಟೆ ಕಡಮೆ ಮಾಡಿ. ತೊಟ್ಟಿಯನ್ನು ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಮಾತ್ರ ಈ ಲೆಕ್ಕವೆಲ್ಲ ವ್ಯರ್ಥ. ಸೂರ್ಯನ ಮುಂದೆ ೬ ವ್ಯಾಟು ಎಷ್ಟರದು?

ವಿದ್ಯುತ್ತೂ ನೀರೂ ಒಂದೆಡೆ ಇರುವಾಗ ಎಚ್ಚರದ ಮಾತೊಂದನ್ನು ಹೇಳದೆ ಬಿಡಲಾಗದು. ಅದರಲ್ಲಿಯೂ ಹುಡುಗರ ಕೈಗಳು ಸುಳಿಯುವ ಸ್ಥಳದಲ್ಲಿ. ತೊಟ್ಟಿಯೊಳಗೆ ಕೈಯಿಡುವ ಮುನ್ನ ದೀಪವನ್ನೂ ಗಾಳಿಯ ಪಂಪನ್ನೂ ಪ್ಲಗ್ಗಿನಿಂದ ಕಿತ್ತಿಡಬೇಕು. ತಂತಿಯು ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರುವಂತಿರಬೇಕು. ಆಗ ತಂತಿಯ ಮೇಲೆ ಹರಿದ ನೀರು ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆಯೇ ಹೊರತು ಪ್ಲಗ್ಗನ್ನು ಸೇರುವುದಿಲ್ಲ. ವಿದ್ಯುತ್ತು ೩೦ ಮಿಲಿಆಂಪಿಯರಿನಷ್ಟು ಸೋರಿದರೂ ತಾನಾಗಿ ಕಡಿದುಹೋಗುವ ರಕ್ಷಕ ಸ್ವಿಚ್ಚನ್ನು ತಿಳಿದವರಿಂದ ಹಾಕಿಸುವುದು ಅವಶ್ಯ. ಕಾದ ತಂತಿಯ ಬಲ್ಬಿನ ಮೇಲೆ ತಣ್ಣೀರು ಸಿಡಿದರೆ ಗಾಜು ಒಡೆಯಬಹುದು. ಅದನ್ನು ತೊಟ್ಟಿಯಿಂದ ದೂರವಿಡಲು ಇದು ಇನ್ನೊಂದು ಕಾರಣ.

ದೀಪ ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಕೊನೆಗೆ ತೊಟ್ಟಿಯೇ ಹೇಳಬೇಕು. ಗಿಡದ ಕಾಂಡ ಸಣಕಲಾಗಿ ಮೇಲಕ್ಕೆ ಎಳೆದಂತೆ ಬೆಳೆದು, ಗೆಣ್ಣುಗಳ ನಡುವೆ ಅಂತರ ಹೆಚ್ಚಿ, ಕೆಳಗಿನ ಎಲೆಗಳು ಉದುರುತ್ತಿದ್ದರೆ ಬೆಳಕು ಸಾಲದು. ಗಾಜಿನ ಮೇಲೆ ಹಸುರು ಪೊರೆ ಒರೆಸಿದ ಎರಡು ಮೂರು ದಿನಗಳಲ್ಲಿಯೇ ಮತ್ತೆ ಕಟ್ಟುತ್ತಿದ್ದರೆ ಬೆಳಕು ಹೆಚ್ಚು. ಹೊಸ ತೊಟ್ಟಿಯಲ್ಲಿ ಕಾಣುವ ಕಂದು ಪೊರೆಗೆ ಹೆದರಬೇಕಾಗಿಲ್ಲ. ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಲೆಗಳ ಮೇಲೆ ಮುತ್ತಿನಂತಹ ಗುಳ್ಳೆಗಳು ಕುಳಿತಿದ್ದು, ಹೊಸ ಎಲೆಗಳು ಹಳೆಯವಷ್ಟೇ ದೊಡ್ಡವಾಗಿ ಬರುತ್ತಿದ್ದರೆ ಎಲ್ಲವೂ ಕ್ಷೇಮ. ಒಂದು ಬದಲಾವಣೆ ಮಾಡಿದ ಮೇಲೆ ಎರಡು ವಾರ ಕಾದು ನೋಡಿ. ದಿನಕ್ಕೊಂದನ್ನು ಬದಲಿಸಿದರೆ ಯಾವುದರಿಂದ ಯಾವುದಾಯಿತೆಂದು ತಿಳಿಯುವುದಿಲ್ಲ.

ಪಾಠಶಾಲೆಗಳಲ್ಲಿ ಇದಕ್ಕಾಗಿ ಒಂದು ಪುಸ್ತಕವನ್ನಿಡುವುದು ಒಳ್ಳೆಯದು. ದೀಪದ ವ್ಯಾಟು ಮತ್ತು ಲ್ಯೂಮೆನ್, ಹೊತ್ತಿಸಿದ ಗಂಟೆಗಳು, ಬೆಳಿಗ್ಗೆ ಸಂಜೆ ನೀರಿನ ಉಷ್ಣ, ಗಾಜನ್ನು ಒರೆಸಿದ ದಿನ, ಹೊಸ ಎಲೆಗಳ ಎಣಿಕೆ ಇಷ್ಟನ್ನು ಹುಡುಗರು ಸರದಿಯ ಮೇಲೆ ಬರೆಯಲಿ. ಮೂರು ತಿಂಗಳಾಗುವುದರೊಳಗೆ, ಅವರ ತೊಟ್ಟಿಗೆ ಎಷ್ಟು ಬೆಳಕು ಬೇಕೆಂಬುದನ್ನು ಅಂಗಡಿಯವರಿಗಿಂತಲೂ, ಈ ಭಾಷಣ ಮಾಡಿದವನಿಗಿಂತಲೂ ಚೆನ್ನಾಗಿ ಅವರೇ ಹೇಳಬಲ್ಲರು.